ಯಾರ ಮಗಳು ನೀನು

ಹಿಂದಿನ ಸಂಜೆ ಫೋನಿನಲ್ಲಿ ಮಗಳು ಹೇಳಿದ್ದು ಇಷ್ಟೇ: "ಅಮ್ಮ, ನಾಳೆ ಬರ್ತಿದೀನಿ." "ವಿಮಾನದಲ್ಲಾ?" ಎಂದು ಹತ್ಸುಯೆ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಾಯಿತು. "ಅಲ್ಲ, ಹಡಗಲ್ಲಿ." ಮಗಳ ಕಡೆಯಿಂದ ಯಾರೋ ಬೂಟುಗಾಲಲ್ಲಿ ನಡೆದುಹೋದ ಸದ್ದು ಕೇಳಿತು. ನಾಳೆ ಬರುವ ಹಡಗು ಯಾವುದು ಎನ್ನುವುದು ಇಡೀ ದ್ವೀಪಕ್ಕೆ ಗೊತ್ತಿತ್ತು. ಗುಡ್ಡದ ಹಿಂದೆ ಕಬ್ಬಿನ ಗದ್ದೆಗಳನ್ನು ಮಟ್ಟಸ ಮಾಡಿ ಕಟ್ಟಿದ ಶಿಬಿರಕ್ಕೆ ಕ್ಷಿಪಣಿ ಹೊರುವ ಗಾಡಿಗಳನ್ನು ತರುವ ಹಡಗು ಅದು. ಬಂದರಿನ ಬಾಗಿಲಲ್ಲಿ ಆ ಗಾಡಿಗಳ ಎದುರು ನೆಲದ ಮೇಲೆ ಕೂರುತ್ತೇವೆಂದು ಹೇಳಿಕೊಂಡವರಲ್ಲಿ ಹತ್ಸುಯೆಯೂ ಒಬ್ಬಳು. ಮಗಳು ಜಪಾನಿನ ಆತ್ಮರಕ್ಷಣಾ ಪಡೆ, ಅಂದರೆ ಸೈನ್ಯ, ಸೇರಿ ಆರು ವರ್ಷವಾಗಿದ್ದರೂ ಆ ಮಾತನ್ನು ಅವಳು ಜೊತೆಯವರ ಹತ್ತಿರ ಎತ್ತಿರಲಿಲ್ಲ. "ಚಿಹಾರು ಹೇಗಿದಾಳೆ ಟೀಚರ್?" ಎಂದು ಯಾರಾದರೂ ಕೇಳಿದರೆ "ಹೊರಗಡೆ ಕೆಲಸ, ಬಿಡುವೇ ಇಲ್ಲ" ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಟೋಪಿ ಹುಡುಕುವಾಗ, ಎಲ್ಲಿಟ್ಟೆ ಎಂದು ಕಪಾಟು ಬಾಗಿಲು ತೆರೆದು ಮುಚ್ಚುವಾಗ, ತಾನು ಹುಡುಕುತ್ತಿರುವುದು ಹೋಗದಿರಲು ಒಂದು ನೆಪವನ್ನು ಎಂದು ಅವಳಿಗೆ ಸ್ಪಷ್ಟವಾಗಿ ಕಂಡು ನಾಚಿಕೆಯಾಯಿತು. ಬರಿತಲೆಯಲ್ಲೇ ಹೊರಟಳು.

ಕಾಮಾದೊ ಅಜ್ಜಿ ತನ್ನ ಮನೆಯ ಹವಳಗಲ್ಲಿನ ಗೋಡೆಯ ಹೊರಗೆ, ತಳ್ಳುಗಾಡಿಯ ಸೀಟಿನ ಮೇಲೆ ಕೂತು ಕಾಯುತ್ತಿದ್ದಳು. ಅಂಗಡಿಗೆ ಹೋಗಿ ಬರಲು ಮುದುಕರು ತಳ್ಳಿಕೊಂಡು ಹೋಗುವಂಥ ಸಣ್ಣ ಗಾಡಿ. ಅದರ ಚೀಲದಲ್ಲಿ ಮಲ್ಲಿಗೆ ಚಹಾದ ಬಾಟಲಿ, ಕರಿಬೆಲ್ಲದ ಪೊಟ್ಟಣ, ಕೂರಲು ಒಂದು ಚಾಪೆ. ಮಡಿಸಿದ ಛತ್ರಿಯ ಹಾಗೆ ಸಣ್ಣಗಾಗಿಬಿಟ್ಟ ಹೆಂಗಸು. "ಟೋಪಿ ಎಲ್ಲೇ? ಬಿಸಿಲಿಗೆ ಮಿದುಳು ಬೆಂದುಹೋಗುತ್ತೆ" ಎಂದಳು. "ಮರೆತೆ ಅಜ್ಜಿ." "ಸರಿ ಬಿಡು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೀಯ, ಬೇಯೋಕೆ ಏನೂ ಉಳಿದಿರಲ್ಲ." ಹತ್ಸುಯೆ ನಕ್ಕಳು. ನಗುತ್ತಲೇ, ಈಗ ಹೇಳಿಬಿಡಲೇ, ಅಜ್ಜಿ, ಇವತ್ತು ಬರುವ ಗಾಡಿಗಳ ಜೊತೆ ನನ್ನ ಮಗಳೂ ಬರುತ್ತಿದ್ದಾಳೆ ಎಂದು ಹೇಳಿಬಿಡಲೇ ಅಂದುಕೊಂಡಳು. ದಾರಿಯುದ್ದಕ್ಕೂ ಅಂದುಕೊಳ್ಳುತ್ತಲೇ ಇದ್ದಳು. ಕಬ್ಬು ಕಡಿದ ಗದ್ದೆಗಳಿಂದ ಹಸಿ ಸಿಹಿ ವಾಸನೆ ಬರುತ್ತಿತ್ತು. ಅಜ್ಜಿ ನಡೆಯುವಷ್ಟೇ ನಿಧಾನಕ್ಕೆ ನಡೆಯಬೇಕಾಗಿದ್ದರಿಂದ ಹೇಳಲು ಬೇಕಾದಷ್ಟು ಹೊತ್ತಿತ್ತು. ಅಷ್ಟು ಹೊತ್ತಿದ್ದುದೇ ಕಷ್ಟವಾಯಿತು.

ಪ್ರತಿ ವರ್ಷ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಜೂನ್ ತಿಂಗಳಲ್ಲಿ, ಈ ಅಜ್ಜಿಯನ್ನು ಶಾಲೆಗೆ ಕರೆದು ತಂದು ಮಕ್ಕಳ ಮುಂದೆ ಕೂರಿಸುತ್ತಿದ್ದವಳು ಹತ್ಸುಯೆಯೇ. ಎರಡನೇ ಮಹಾಯುದ್ಧದ ಕೊನೆಯ ವಸಂತದಲ್ಲಿ ಜಪಾನಿನ ಸೈನ್ಯವೇ ಇಡೀ ಊರನ್ನು ಎಬ್ಬಿಸಿ, ಸೊಳ್ಳೆ ತುಂಬಿದ ಕಾಡಿಗೆ ಅಟ್ಟಿತು. ನಿಮ್ಮ ಒಳ್ಳೆಯದಕ್ಕೇ, ಇಲ್ಲಿ ಶತ್ರು ಇಳಿಯುತ್ತಾನೆ ಎಂದರು. ಶತ್ರು ಇಳಿಯಲೇ ಇಲ್ಲ. ಕಾಡುಜ್ವರ ಮಾತ್ರ ಒಬ್ಬೊಬ್ಬರನ್ನೇ ತಿಂದಿತು. ಕಾಮಾದೊಳ ತಾಯಿ, ತಂದೆ, ಇಬ್ಬರು ಅಣ್ಣಂದಿರು, ಹೆಸರಿಡುವ ಮೊದಲೇ ಹೋದ ತಂಗಿ. ಅಜ್ಜಿ ಇದನ್ನು ಅಳದೆ ಹೇಳುತ್ತಿದ್ದಳು, ನಡುನಡುವೆ ಮಕ್ಕಳಿಗೆ ಬೆಲ್ಲ ಹಂಚುತ್ತಿದ್ದಳು. ಮಕ್ಕಳು ಬಾಯಲ್ಲಿ ಬೆಲ್ಲ ಕರಗಿಸುತ್ತ ಸಾವಿನ ಕತೆ ಕೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಚಿಹಾರು. ಅವಳು ಬೆಲ್ಲ ತಿನ್ನದೆ ಕೈಯಲ್ಲೇ ಹಿಡಿದು ಕೂರುತ್ತಿದ್ದಳು, ಅಂಗೈಯೆಲ್ಲ ಅಂಟು. ಮನೆಗೆ ಬಂದು ಕೈ ತೊಳೆಸುವಾಗ ಒಮ್ಮೆ ಕೇಳಿದ್ದಳು: "ಅಮ್ಮ, ಅವರನ್ನ ಕರ್ಕೊಂಡ್ಹೋಗೋಕೆ ಯಾರೂ ಯಾಕೆ ಬರ್ಲಿಲ್ಲ?" ಹತ್ಸುಯೆ ಏನು ಉತ್ತರ ಕೊಟ್ಟಳೋ ಅವಳಿಗೆ ನೆನಪಿಲ್ಲ. ಪಾಠದಲ್ಲಿದ್ದ ಉತ್ತರವನ್ನೇ ಕೊಟ್ಟಿರಬೇಕು.

ಬಂದರಿನ ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಮೀನಂಗಡಿ ಮುಚ್ಚಿ ಬಂದ ಏಇಶುನ್ ಕೈಮೈಕು ಹಿಡಿದು "ದ್ವೀಪವನ್ನು ಮತ್ತೆ ಯುದ್ಧಭೂಮಿ ಮಾಡಬೇಡಿ" ಎಂದು ಕೂಗಿ, ಮೈಕು ಕೀಚಲು ದನಿ ಹೊರಡಿಸಿದಾಗ ಅದನ್ನು ತೊಡೆಗೆ ಬಡಿದುಕೊಳ್ಳುತ್ತಿದ್ದ. ರಸ್ತೆಯ ಆಚೆ ಬದಿಯಲ್ಲಿ ಕಾಗದದ ಬಾವುಟ ಹಿಡಿದ ಇನ್ನೊಂದು ಗುಂಪು, ಸ್ವಾಗತಿಸಲು ಬಂದವರು. ಎರಡೂ ಕಡೆ ಇದ್ದವರು ಅಕ್ಕಪಕ್ಕದ ಮನೆಯವರೇ ಆದ್ದರಿಂದ ಪರಸ್ಪರ ನೋಡಿ ತಲೆಬಾಗಿ, ಆಮೇಲೆ ಮುಖ ತಿರುಗಿಸುತ್ತಿದ್ದರು. ಹೋಟೆಲಿನ ಮೊರಿನೆ ಮಾತ್ರ ರಸ್ತೆ ದಾಟಿ ಬಂದು ಕಾಮಾದೊ ಅಜ್ಜಿಯ ಕೈಗೆ ಅನ್ನದುಂಡೆ ಕೊಟ್ಟಳು. "ತಿನ್ನಜ್ಜಿ, ಹೊಟ್ಟೆ ಹಸಿದ್ರೆ ವಿರೋಧಾನೂ ಮಾಡಕ್ಕಾಗಲ್ಲ." ಆಮೇಲೆ ಹತ್ಸುಯೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ ಟೀಚರ್. ನಿಮ್ಮ ಶಾಲೇಲಿ ಈ ವರ್ಷ ಒಂದನೇ ಕ್ಲಾಸಿಗೆ ಒಂದೇ ಮಗು. ಸೈನಿಕರ ಮಕ್ಕಳಾದ್ರೂ ಬರ್ಲಿ ಬಿಡಿ" ಎಂದಳು. ಹತ್ಸುಯೆ ತಲೆಯಾಡಿಸಿದಳು. ಖಾಲಿ ಬೆಂಚುಗಳನ್ನು ಮೊರಿನೆಗಿಂತ ಹೆಚ್ಚು ದಿನ ನೋಡಿದವಳು ತಾನೇ. ಟಿಕೆಟ್ ಕೌಂಟರಿನ ಟೀವಿಯಲ್ಲಿ, ದೂರದ ರಾಜಧಾನಿಯಲ್ಲಿ, ಸೂಟು ತೊಟ್ಟ ಯಾರೋ ಒಬ್ಬರು ಕಾಲ ಬದಲಾಗಿದೆ ಎನ್ನುತ್ತಿದ್ದರು. ನಾವು ಶಾಂತಿಯ ದೇಶವೇ, ಆದರೆ ಇನ್ನು ಮುಂದೆ ನಮ್ಮ ಕೈ ಎದುರಾಳಿಯ ನೆಲದವರೆಗೂ ಚಾಚುವಂತಿರಬೇಕು. ಕೈ ಎಂಬ ಮಾತು ಕೇಳಿ ಅವಳಿಗೆ ಚಿಕ್ಕಂದಿನಲ್ಲಿ ಚಿಹಾರು ನಿದ್ದೆಯಲ್ಲಿ ಕೈ ಚಾಚಿ ತನ್ನ ಅಂಗಿಯಂಚಿಗೋ ದಿಂಬಿಗೋ ತಡಕಾಡುತ್ತಿದ್ದುದು ನೆನಪಾಗಿ, ಇದೆಂಥ ಕೆಲಸಕ್ಕೆ ಬಾರದ ನೆನಪು ಎಂದು ತನ್ನ ಮೇಲೇ ಸಿಟ್ಟು ಬಂತು.

ಹತ್ಸುಯೆ ಹತ್ತು ವರ್ಷದ ಹುಡುಗಿಯಾಗಿದ್ದಾಗ ದ್ವೀಪ ಅಮೆರಿಕದವರ ಆಳ್ವಿಕೆಯಿಂದ ಜಪಾನಿಗೆ ಮರಳಿತು. ಡಾಲರು ಹೋಗಿ ಯೆನ್ ಬಂತು. ಒಂದು ಮಧ್ಯಾಹ್ನ ತರಗತಿಯಲ್ಲಿ ಮೇಷ್ಟ್ರು ಪ್ರತಿಯೊಬ್ಬರಿಗೂ ಅಂಗೈಯಗಲದ ಸಂವಿಧಾನದ ಪುಸ್ತಕ ಹಂಚಿದರು. ಒಂಬತ್ತನೆಯ ಕಲಮನ್ನು ಗಟ್ಟಿಯಾಗಿ ಓದು ಎಂದರು. ಓದಿದಳು. ಅರ್ಥವಾಗುತ್ತ ಹೋದ ಹಾಗೆ ದನಿ ಸಣ್ಣದಾಯಿತು. ಒಂದು ದೇಶ, ಅಷ್ಟು ದೊಡ್ಡ ದೇಶ, ಇನ್ನೆಂದೂ ಯುದ್ಧ ಮಾಡುವುದಿಲ್ಲ, ಅದಕ್ಕಾಗಿ ಸೈನ್ಯವನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಬರೆದುಕೊಟ್ಟಿದೆ! ಹೀಗೂ ಬರೆಯಬಹುದೇ? ದೊಡ್ಡವರು ಹೀಗೂ ಮಾತು ಕೊಡುತ್ತಾರೆಯೇ? ಕಿಟಕಿಯಾಚೆ ಸಮುದ್ರ ಎಂದಿನಂತೆಯೇ ಇತ್ತು. ಆದರೆ ಅದರ ಮೇಲಿನ ಬೆಳಕು ಬದಲಾಗಿದೆ ಎಂದು ಆ ಹುಡುಗಿಗೆ ಕಂಡಿತ್ತು. ಆಮೇಲೆ ಅವಳು ದೇವಸ್ಥಾನದಲ್ಲೂ ಅಷ್ಟು ದೊಡ್ಡದರ ಎದುರು ನಿಂತ ಹಾಗೆ ನಿಂತದ್ದಿಲ್ಲ. ತಾನು ಟೀಚರಾದದ್ದು ಆ ಮಧ್ಯಾಹ್ನವನ್ನು ಮತ್ತೆ ಯಾರದಾದರೂ ಮುಖದಲ್ಲಿ ಕಾಣಬೇಕೆಂದೇ. ತರಗತಿಯಲ್ಲಿ ಯಾರ ಮುಖದಲ್ಲೂ ಕಂಡಿರಲಿಲ್ಲ. ಮಕ್ಕಳು ಪರೀಕ್ಷೆಗೆ ಕಂಠಪಾಠ ಮಾಡಿದರು, ಅಂಕ ತೆಗೆದುಕೊಂಡರು.

ಹಡಗು ದಕ್ಕೆಗೆ ತಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಬೂದು ಬಣ್ಣದ ಅದರ ಮೈಯಲ್ಲಿ ಕಿಟಕಿಯೇ ಇಲ್ಲದ್ದರಿಂದ ಒಳಗೆ ಯಾರೂ ಇಲ್ಲವೇನೋ ಅನ್ನಿಸುವಂತಿತ್ತು. ಎಲ್ಲರೂ ಚಾಪೆ ಹಾಸಿ ಕೂತರು. ಕಾಮಾದೊ ಅಜ್ಜಿ ಮುಂದಿನ ಸಾಲಿನ ನಡುವೆ. ಅವಳ ಬಲಕ್ಕೆ ಹತ್ಸುಯೆ. ಆಗ ಹಡಗಿನ ಹಿಂಭಾಗ ನಿಧಾನಕ್ಕೆ ಬಾಯಿ ತೆರೆಯಿತು. ಉಕ್ಕಿನ ನಾಲಿಗೆ ಇಳಿದು ಕಾಂಕ್ರೀಟನ್ನು ಮುಟ್ಟಿದ ಸದ್ದು ಕೂತವರ ಬೆನ್ನುಮೂಳೆಯೊಳಗೆ ಬಂತು. ಏಇಶುನ್‌ನ ಮೈಕು ತಾನಾಗಿಯೇ ಸುಮ್ಮನಾಯಿತು. ಕತ್ತಲೆಯೊಳಗಿಂದ ಮೊದಲನೆಯದು ಹೊರಬಂತು.

ಹತ್ಸುಯೆ ಸಿಟ್ಟನ್ನು ಸಿದ್ಧ ಮಾಡಿಟ್ಟುಕೊಂಡು ಬಂದಿದ್ದಳು. ಭಯವನ್ನೂ ನಿರೀಕ್ಷಿಸಿದ್ದಳು. ಬಂದದ್ದು ಎರಡೂ ಅಲ್ಲ. ಕಾಡಿನ ಹಸಿರು ಬಳಿದ ಆ ಗಾಡಿ ಅವಸರವೇ ಇಲ್ಲದೆ ಬಿಸಿಲಿಗೆ ಬಂತು. ಒಂದೊಂದು ಚಕ್ರವೂ ಕೂತ ಮನುಷ್ಯನಿಗಿಂತ ಎತ್ತರ. ಬೆನ್ನ ಮೇಲೆ ಜೋಡಿಸಿದ ಉದ್ದುದ್ದ ಪೆಟ್ಟಿಗೆಗಳು ಮುಚ್ಚಿದ್ದವು, ಏನೂ ಹೇಳುತ್ತಿರಲಿಲ್ಲ. ಅಷ್ಟು ಭಾರದ ವಸ್ತು ಅಷ್ಟು ಮೆತ್ತಗೆ ಚಲಿಸಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ತೀರಾ ಚಿಕ್ಕವಳಿದ್ದಾಗ ಅಪ್ಪನ ದೋಣಿಯಲ್ಲಿ ಹೋಗಿದ್ದಾಗ ಪಕ್ಕದಲ್ಲೇ ತಿಮಿಂಗಿಲವೊಂದು ಎದ್ದಿತ್ತು. ನೀರು ಮೊದಲು ಕಪ್ಪಾಯಿತು, ಆಮೇಲೆ ಆ ಕಪ್ಪೇ ಮೇಲೆ ಬಂತು, ಅಪ್ಪ ಎಂಜಿನ್ ನಿಲ್ಲಿಸಿ ಕೈ ಮುಗಿದಿದ್ದ. ಈಗಲೂ ಉಸಿರು ಹಾಗೆಯೇ ನಿಂತಿತು. ಎಷ್ಟು ಚೆನ್ನಾಗಿದೆ! ಈ ಮಾತು ಅವಳೊಳಗೆ ಎಷ್ಟು ಸ್ಪಷ್ಟವಾಗಿ ಹುಟ್ಟಿತೆಂದರೆ, ಗಟ್ಟಿಯಾಗಿ ಅಂದುಬಿಟ್ಟೆನೇನೋ ಎಂದು ಗಾಬರಿಯಾಗಿ ಅಕ್ಕಪಕ್ಕ ನೋಡಿದಳು. ಏಇಶುನ್‌ನ ಬಾಯಿ ಅರ್ಧ ತೆರೆದಿತ್ತು. ಆಚೆ ಬದಿಯವರು ಬಾವುಟ ಅಲ್ಲಾಡಿಸುವುದನ್ನು ಮರೆತಿದ್ದರು. ವಿರೋಧಿಸಲು ಬಂದವರೂ ಸ್ವಾಗತಿಸಲು ಬಂದವರೂ ಒಂದೇ ಮುಖ ಹೊತ್ತಿದ್ದಾರೆ. ಇದಕ್ಕೇ ಹೆದರಬೇಕು ಎಂದು ಅವಳಿಗೆ ಹೊಳೆಯಿತು. ಇದು ಕೊಲ್ಲುತ್ತದೆ ಎಂಬುದಕ್ಕೂ ಮುಂಚೆ ಇದು ತಲೆಬಾಗಿಸುತ್ತದೆ. ನಾನೂ ಬಾಗಿದೆ.

ಮೊದಲ ಗಾಡಿ ಬಾಗಿಲ ತನಕ ಬಂದು ನಿಂತಿತು. ಎತ್ತರದ ಗಾಜಿನ ಹಿಂದೆ ಚಾಲಕನ ಪಕ್ಕದಲ್ಲಿ ಹೆಲ್ಮೆಟ್ಟು ಹಾಕಿದ ಮುಖ. ಹೆಲ್ಮೆಟ್ಟಿನ ಕೆಳಗೆ ಗಲ್ಲ ಮಾತ್ರ ಕಾಣುತ್ತಿತ್ತು. ಸಾಕಿತ್ತು. ಆ ಗಲ್ಲ ಗಂಡನದು, ಮಗಳಿಗೆ ಹಾಗೆಯೇ ಬಂದಿತ್ತು. ಅವನು ಅಂಗಳದಲ್ಲಿ ಬಲೆ ಹೊಲಿಯುತ್ತ ಹಾಗೆಯೇ ಗಲ್ಲ ಮುಂದೆ ಮಾಡಿ ಕೂರುತ್ತಿದ್ದ. ಅವನ ಎದೆನೋವಿನ ದಿನ ತೂಫಾನು ಕಡಲನ್ನು ಮುಚ್ಚಿತ್ತು, ದ್ವೀಪದಲ್ಲಿ ದೊಡ್ಡಾಸ್ಪತ್ರೆ ಇರಲಿಲ್ಲ. ಯಾವ ದೋಣಿಯೂ ಯಾವ ವಿಮಾನವೂ ಬರಲಾರದೆಂದರು. ಬಂದದ್ದು ಆತ್ಮರಕ್ಷಣಾ ಪಡೆಯ ಹೆಲಿಕಾಪ್ಟರು. ಶಾಲೆಯ ಮೈದಾನದಲ್ಲಿ, ತಾನು ಜೂನ್ ತಿಂಗಳ ಶಾಂತಿಸಭೆ ನಡೆಸುತ್ತಿದ್ದ ಜಾಗದಲ್ಲೇ ಅದು ಗಾಳಿಗೆ ತೂರಾಡುತ್ತ ಇಳಿಯಿತು. ಮಳೆಯಲ್ಲಿ ನೆನೆದ ಹುಡುಗರು ಓಡಿ ಬಂದು ಗಂಡನನ್ನು ಎತ್ತಿಕೊಂಡರು. ಹೈಸ್ಕೂಲಿನ ಸಮವಸ್ತ್ರದಲ್ಲಿದ್ದ ಚಿಹಾರು ಆ ರೆಕ್ಕೆಗಳನ್ನೇ ತಲೆಯೆತ್ತಿ ನೋಡುತ್ತ ನಿಂತಿದ್ದಳು. ಯಾವ ಮಧ್ಯಾಹ್ನವನ್ನು ಮಗುವೊಂದರ ಮುಖದಲ್ಲಿ ಕಾಣಬೇಕೆಂದು ಹತ್ಸುಯೆ ಅಷ್ಟು ವರ್ಷ ಹಂಬಲಿಸಿದ್ದಳೋ, ಸಂವಿಧಾನ ಓದಿದ ಆ ಮಧ್ಯಾಹ್ನ ಕೊನೆಗೂ ಕಂಡಿತ್ತು, ತನ್ನ ಮಗಳ ಮುಖದಲ್ಲೇ. ಗಂಡ ಇನ್ನೂ ಒಂದು ವರ್ಷ ಬದುಕಿದ. ಆ ಕತೆಯನ್ನು ಅವಳು ಯಾವ ತರಗತಿಯಲ್ಲೂ ಹೇಳಲಿಲ್ಲ.

ಪೊಲೀಸರು ಬಂದರು. ಮುಖ್ಯ ದ್ವೀಪದಿಂದ ಕರೆಸಿದ್ದ ತರುಣರು. "ದಯವಿಟ್ಟು ಎದ್ದೇಳಿ. ಇಲ್ಲದಿದ್ರೆ ನಾವೇ ಎತ್ತಬೇಕಾಗುತ್ತೆ, ತಪ್ಪು ತಿಳೀಬೇಡಿ" ಎಂದು ಪ್ರತಿಯೊಬ್ಬರ ಎದುರೂ ಬಾಗಿ ಹೇಳುತ್ತಿದ್ದರು. ಯಾರೂ ಏಳಲಿಲ್ಲ. ಇಬ್ಬಿಬ್ಬರು ಸೇರಿ ಕಂಕುಳಿಗೆ ಕೈ ಹಾಕಿ ಒಬ್ಬೊಬ್ಬರನ್ನೇ ಎತ್ತಿ ರಸ್ತೆಯಂಚಿಗೆ ಒಯ್ದರು. ಏಇಶುನ್ ಮರದ ದಿಮ್ಮಿಯ ಹಾಗೆ ಮೈ ಸೆಟೆದುಕೊಂಡು, "ಮೆಲ್ಲಗಪ್ಪಾ, ಸೊಂಟ ಸರಿಯಿಲ್ಲ" ಎಂದು ಬೈಯುತ್ತಲೇ ಹೋದ. ಹತ್ಸುಯೆಯ ಎದುರು ಬಂದ ಹುಡುಗನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. "ಅಮ್ಮಾ..." ಎಂದ. ಎತ್ತರದ ಗಾಜಿನ ಹಿಂದಿನ ಗಲ್ಲ ಈ ಕಡೆ ತಿರುಗಿತು. ಮಗಳು ನೋಡುತ್ತಿರುವಾಗ ಅಪರಿಚಿತ ಹುಡುಗರ ಕೈಯಲ್ಲಿ ತೊಡೆ ಕಾಣುವ ಹಾಗೆ ತೂಗಾಡುವುದೇ? ಅದೊಂದೇ ಕಾರಣವೋ, ಇನ್ನೇನಾದರೂ ಇತ್ತೋ. ಅವಳು ತಾನಾಗಿಯೇ ಎದ್ದುನಿಂತಳು. ಸ್ಕರ್ಟಿನ ಧೂಳು ಕೊಡವಿಕೊಂಡಳು. "ಥ್ಯಾಂಕ್ಸ್ ಅಮ್ಮ" ಎಂದು ಹುಡುಗ ಮನಸಾರೆ ಹೇಳಿದ. ಆ ಥ್ಯಾಂಕ್ಸ್ ಕೆನ್ನೆಗೆ ಬಿದ್ದ ಹಾಗಾಯಿತು. ತನ್ನ ಕಾಲಲ್ಲೇ ನಡೆದು ರಸ್ತೆಯಂಚಿಗೆ ಹೋದವಳು ಅವಳೊಬ್ಬಳೇ. ಅಲ್ಲಿ ಕೂತಿದ್ದ ಜೊತೆಯವರು ಸ್ವಲ್ಪ ಸರಿದು ಜಾಗ ಕೊಟ್ಟರು, ಬೇಕಾದ್ದಕ್ಕಿಂತ ಹೆಚ್ಚು ಜಾಗ.

ಕಾಂಕ್ರೀಟಿನ ಮೇಲೆ ಕಾಮಾದೊ ಅಜ್ಜಿ ಒಬ್ಬಳೇ ಉಳಿದಳು. ಗಾಡಿಯ ಮುಂಭಾಗದ ನೆರಳು ಅವಳನ್ನು ಪೂರ್ತಿ ಮುಚ್ಚಿತ್ತು. ಅವಳನ್ನು ಎಲ್ಲಿ ಹಿಡಿಯಬೇಕೆಂದು ಪೊಲೀಸರಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬ ತೋಳು ಮುಟ್ಟಿದ. "ಮುಟ್ಟಬೇಡ, ಮುರಿದರೆ ನಿಮ್ಮಮ್ಮನ ಹತ್ರ ದುಡ್ಡಿರಲ್ಲ" ಎಂದಳು. ಹುಡುಗರು ನಗಲಾರದೆ ನಿಂತರು. ಆಗ ಗಾಡಿಯ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಒಂದು ಬೂಟು, ಇನ್ನೊಂದು ಬೂಟು. ಒಳಗಿನ ವೈರ್‌ಲೆಸ್ಸಿನಿಂದ ಯಾವುದೋ ಗಂಡಸಿನ ದನಿ "ಇಳಿಯಬೇಡಿ, ಇಳಿಯಬೇಡಿ" ಎಂದು ಬಡಬಡಿಸುತ್ತಿತ್ತು. ಚಿಹಾರು ಹೆಲ್ಮೆಟ್ಟು ತೆಗೆದು ಗಾಡಿಯ ಮೆಟ್ಟಿಲ ಮೇಲಿಟ್ಟಳು. ತಲೆಗೂದಲು ಬೆವರಿಗೆ ಅಂಟಿತ್ತು. ಅಜ್ಜಿಯ ಎದುರು ಎರಡೂ ಮಂಡಿಯೂರಿ ಕೂತು, ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿದಳು.

ಕಾಮಾದೊ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ದ್ವೀಪದಲ್ಲಿ ಹೊಸ ಮುಖ ಕಂಡಾಗ ಯಾವ ಮುದುಕಿಯಾದರೂ ಕೇಳುವುದನ್ನೇ ಕೇಳಿದಳು: "ಯಾರ ಮಗಳು ನೀನು?"

ಹತ್ಸುಯೆ ರಸ್ತೆಯಂಚಿನಿಂದ ಮಗಳ ತುಟಿಯನ್ನೇ ನೋಡಿದಳು. ಬೇರೆ ಏನಾದರೂ ಹೇಳಲಿ. ನಾನು ದೂರದವಳು ಅನ್ನಲಿ.

"ಇನಾಫುಕು ಹತ್ಸುಯೆ ಮಗಳು, ಚಿಹಾರು" ಎಂದಳು ಮಗಳು. ಕವಾಯತಿನಲ್ಲಿ ಹೆಸರು ಹೇಳುವಷ್ಟು ಗಟ್ಟಿಯಾಗಿ.

ರಸ್ತೆಯಂಚಿನಲ್ಲಿದ್ದ ಎಲ್ಲ ತಲೆಗಳೂ ತಿರುಗಿದವು. ಹತ್ಸುಯೆ ತನ್ನ ಕೈಗಳನ್ನು ನೋಡಿಕೊಂಡಳು.

"ಟೀಚರ್ ಮಗಳಾ? ಬೆಲ್ಲ ಕೊಟ್ರೆ ತಿನ್ನದೆ ಕೈಯಲ್ಲಿ ಇಟ್ಕೊಂಡು ಕೂತಿರ್ತಿದ್ಲಲ್ಲ, ಅವಳಾ?"

"ಹೌದಜ್ಜಿ."

"ನನ್ನ ಕತೆ ಕೇಳಿದೀಯ."

"ಆರು ಸಲ ಕೇಳಿದೀನಿ. ಅದಕ್ಕೇ ಬಂದೆ ಅಜ್ಜಿ. ಆವತ್ತು ನಿಮಗಾಗಿ ಯಾರೂ ಬರ್ಲಿಲ್ಲ."

ಕಾಮಾದೊ ಅಜ್ಜಿ ಸಿಟ್ಟಾಗಿದ್ದ ಹಾಗೆ ಕಾಣಲಿಲ್ಲ. ಮಗುವೊಂದು ಲೆಕ್ಕದಲ್ಲಿ ಎಲ್ಲಿ ತಪ್ಪಿತೆಂದು ಹುಡುಕುವ ಟೀಚರ ಹಾಗೆ ಆ ಮುಖವನ್ನೇ ನೋಡುತ್ತಿದ್ದಳು. "ಬಂದಿದ್ರು ಕಣೇ" ಎಂದಳು ಕೊನೆಗೆ. "ಯಾರೂ ಬರ್ಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ? ಬಂದಿದ್ರು. ಸೈನ್ಯದವನೊಬ್ಬ ಶಾಲೆಗೆ ಮೇಷ್ಟ್ರಾಗಿ ಬಂದ. ಒಳ್ಳೆ ಹುಡುಗ, ಎಷ್ಟು ಚೆನ್ನಾಗಿ ಹಾಡು ಹೇಳಿಕೊಡ್ತಿದ್ದ. ಆಮೇಲೆ ಒಂದಿನ ಕತ್ತಿ ಕಟ್ಕೊಂಡು ಬಂದು, ಕಾಡಿಗೆ ನಡೀರಿ ಅಂದ. ನಮ್ಮಮ್ಮ ಬರಲ್ಲ ಅಂದಾಗ ಹೀಗೇ, ನೀನು ಕೂತಿದೀಯಲ್ಲ ಹೀಗೇ, ಮಂಡಿಯೂರಿ ಕೂತು ಬೇಡ್ಕೊಂಡ. ನಿಮ್ಮನ್ನ ಕಾಪಾಡೋಕೇ ಬಂದಿದೀನಿ ಅಮ್ಮಾ ಅಂದ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳ್ತಿರ್ಲಿಲ್ಲ ಅವನು."

ಚಿಹಾರುವಿನ ಹಿಂದೆ ಆ ದೊಡ್ಡ ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಅದರ ಶಾಖಕ್ಕೆ ಗಾಳಿ ನೀರಿನ ಹಾಗೆ ಅಲುಗುತ್ತಿತ್ತು. ಅಜ್ಜಿ ಮಂಡಿಯ ಮೇಲೆ ಕೈಯಿಟ್ಟು ನೇರ ಕೂತಿದ್ದಳು. ಹತ್ಸುಯೆ ಮೂವತ್ತೈದು ವರ್ಷ ಈ ಕತೆಯನ್ನು ಪಾಠವಾಗಿ ನಡೆಸಿದ್ದಳು, ಆದರೆ ಈ ಭಾಗ ಅವಳಿಗೂ ಹೊಸದು. ಕಣ್ಣಲ್ಲಿ ನೀರಿತ್ತು ಎಂಬುದನ್ನು ಅಜ್ಜಿ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಮಕ್ಕಳಿಗೆ ಇದು ತಡೆಯಲಾಗದೆಂದೋ, ಟೀಚರಿಗೆ ತಡೆಯಲಾಗದೆಂದೋ. ಈಗ ಆ ನೆರಳಿನಲ್ಲಿ ಕೂತ ಮುದುಕಿ ತಿಮಿಂಗಿಲಕ್ಕಿಂತ ದೊಡ್ಡವಳಾಗಿ ಕಂಡಳು. ಆ ಗಾಡಿ, ಅದರ ಚಕ್ರ, ಮುಚ್ಚಿದ ಪೆಟ್ಟಿಗೆಗಳು ಎಲ್ಲ ಹಿಂದಕ್ಕೆ ಸರಿದವು. ಸುಳ್ಳು ಹೇಳದವನ ಕೈಯಲ್ಲೇ ಅಮ್ಮನನ್ನು ಕಳೆದುಕೊಂಡು, ಅವನು ಸುಳ್ಳು ಹೇಳಲಿಲ್ಲ ಎಂದೂ ಹೇಳಬಲ್ಲವಳು ಅಲ್ಲಿ ಕೂತಿದ್ದಾಳೆ. ಇಂಥದನ್ನು ಎದುರಿಗೆ ನಿಂತು ನೋಡಲು ತನಗೆ ಯಾವ ಯೋಗ್ಯತೆಯಿದೆ?

"ಕಾಲು ಮರಗಟ್ಟಿದೆ" ಎಂದಳು ಅಜ್ಜಿ. "ಈ ಹುಡುಗರು ಬೇಡ. ನೀನೇ ಎತ್ತು."

ಚಿಹಾರು ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತಳು. ಪೊಲೀಸ್ ಹುಡುಗನೊಬ್ಬ ಅಜ್ಜಿಯ ಕೈಗಳನ್ನು ಅವಳ ಭುಜದ ಮೇಲಿಟ್ಟ. ಸೈನಿಕಳ ಹಸಿರು ಬೆನ್ನ ಮೇಲೆ ಅಜ್ಜಿ ಮಗುವಿನ ಹಾಗೆ ಅಂಟಿಕೊಂಡಳು, ಕಾಲುಗಳು ಎರಡೂ ಬದಿಗೆ ಜೋತವು, ಒಂದು ಚಪ್ಪಲಿ ಕಾಂಕ್ರೀಟಿನ ಮೇಲೆಯೇ ಉಳಿಯಿತು. ಚಿಹಾರು ಎದ್ದಳು. ನಡೆದಳು. ಯಾರೂ ಕೂಗಲಿಲ್ಲ, ಯಾರೂ ಬಾವುಟ ಎತ್ತಲಿಲ್ಲ. ಅಜ್ಜಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ರಸ್ತೆಯಂಚಿಗೆ ಬಂದು, ಹತ್ಸುಯೆಯ ಪಕ್ಕದಲ್ಲೇ ಇಳಿಸಿದಳು. ತಾಯಿಯ ಮುಖ ನೋಡಲಿಲ್ಲ. ತಾಯಿಯೂ ನೋಡಲಿಲ್ಲ, ಮಗಳ ಬೂಟಿನ ಲಾಡಿ ಬಿಚ್ಚಿಕೊಂಡಿರುವುದನ್ನು ಮಾತ್ರ ನೋಡಿದಳು. ಚಿಹಾರು ಓಡಿ ಹೋಗಿ ಚಪ್ಪಲಿ ತಂದು ಅಜ್ಜಿಯ ಕಾಲಿಗೆ ತೊಡಿಸಿ, ವೈರ್‌ಲೆಸ್ಸು ಬಡಬಡಿಸುತ್ತಿದ್ದ ಗಾಡಿಯನ್ನು ಹತ್ತಿದಳು. ಗಾಡಿಗಳು ಒಂದರ ಹಿಂದೊಂದು ಅವರೆದುರು ಹಾದು ಗುಡ್ಡದ ಕಡೆ ಹೋದವು. ಹಾದುಹೋದಷ್ಟು ಹೊತ್ತೂ ನೆಲ ನಡುಗುತ್ತಿತ್ತು.

ಎಲ್ಲ ಮುಗಿದ ಮೇಲೆ ಏಇಶುನ್ ಮೈಕನ್ನು ಚೀಲಕ್ಕೆ ತುಂಬಿಕೊಳ್ಳುತ್ತ, ಯಾರನ್ನೂ ನೋಡದೆ, "ನಮಗೆ ಹೇಳಬಹುದಿತ್ತು ಟೀಚರ್" ಎಂದ. "ಹೌದು, ಹೇಳಬೇಕಿತ್ತು" ಎಂದಳು ಹತ್ಸುಯೆ. ಅವನು ಅಜ್ಜಿಯ ಚಾಪೆಯನ್ನು ಮಡಿಸಿ ತಳ್ಳುಗಾಡಿಯಲ್ಲಿಟ್ಟು ಹೋದ. ವಾಪಸು ಹೋಗುವ ದಾರಿಯಲ್ಲಿ ಹತ್ಸುಯೆ ಕೇಳಿದಳು, "ಏನು ಹೇಳಿದ್ರಿ ಅಜ್ಜಿ, ಅವಳ ಕಿವೀಲಿ?" "ನಾಳೆ ಮತ್ತೆ ಕೂರ್ತೀನಿ ಅಂದೆ. ಹಡಗು ನಾಳೇನೂ ಬರುತ್ತಂತಲ್ಲ." "ಅವಳೇನಂದ್ಲು?" "ಬನ್ನಿ ಅಂದ್ಲು." ಕಾಮಾದೊ ಅಜ್ಜಿ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಚೀಪಿದಳು. "ನಿನ್ನ ಮಗಳ ಬೆನ್ನು ಚೆನ್ನಾಗಿದೆ ಕಣೇ. ಅಗಲ ಇದೆ. ನಮ್ಮಣ್ಣಂದಿರ ಬೆನ್ನು ಹಾಗೇ ಇತ್ತು."

ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಚಿಹಾರು ಮನೆಗೆ ಬಂದಳು. ಮಾಸಿದ ಟೀಶರ್ಟು, ಹೈಸ್ಕೂಲಿನ ಕಾಲದ ಪ್ಯಾಂಟು. ಒಂದು ಗಂಟೆ ಅನುಮತಿ ಸಿಕ್ಕಿತ್ತು. "ಬೈಸ್ಕೊಂಡೆ" ಎಂದಳು, ಬಾಗಿಲಲ್ಲಿ ಚಪ್ಪಲಿ ಬಿಡುತ್ತ. "ತುಂಬಾ?" "ತುಂಬಾ. ಗಾಡಿ ಬಿಟ್ಟು ಇಳಿಯೋ ಹಾಗಿಲ್ಲ. ಬರೆದು ಕೊಡಬೇಕು, ಯಾಕೆ ಇಳಿದೆ ಅಂತ." "ಏನಂತ ಬರೀತೀಯ?" "ಗೊತ್ತಿಲ್ಲಮ್ಮ." ತಂದೆಯ ಫೋಟೋದ ಮುಂದೆ ಊದುಬತ್ತಿ ಹಚ್ಚಿ ಕೈ ಮುಗಿದು ಬಂದು ಕೂತಳು. ಹತ್ಸುಯೆ ಹಾಗಲಕಾಯಿ, ತೋಫು, ಮೊಟ್ಟೆ ಹಾಕಿ ಹುರಿದ ಪಲ್ಯ ಬಡಿಸಿದಳು. ಮಗಳು ತಲೆ ತಗ್ಗಿಸಿ ತಿಂದಳು, ವೇಗವಾಗಿ, ಸೈನ್ಯದಲ್ಲಿ ಕಲಿತ ವೇಗ. ಎರಡನೇ ಬಟ್ಟಲಿಗೆ ತಾನೇ ಎದ್ದು ಅನ್ನ ಹಾಕಿಕೊಂಡಳು.

"ಅಜ್ಜಿ ಹೇಳಿದ್ದು..." ಎಂದು ಶುರು ಮಾಡಿ ನಿಲ್ಲಿಸಿದಳು. ಚಾಪ್‌ಸ್ಟಿಕ್ಕು ಕೆಳಗಿಟ್ಟಳು. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ನಾನು ಇಲ್ಲಿಗೆ ಬರದೇ ಇದ್ರೆ ಬೇರೆ ಯಾರಾದ್ರೂ ಬರ್ತಿದ್ರು. ಊರು ಗೊತ್ತಿಲ್ಲದೋರು. ನಾನೇ ಕೇಳ್ಕೊಂಡು ಬಂದೆ ಅಮ್ಮ ಇಲ್ಲಿಗೆ."

"ಹಾಗೇನಾದ್ರೂ ಆದ್ರೆ" ಎಂದಳು ಹತ್ಸುಯೆ. ಯುದ್ಧ ಎನ್ನುವ ಬದಲು ಆ ಹಾಗೇನಾದ್ರೂ ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಿದ್ದರು, ಅಂಗಡಿಯಲ್ಲಿ, ಕ್ಷೌರದವನ ಹತ್ತಿರ. "ಹಾಗೇನಾದ್ರೂ ಆದ್ರೆ ನಮ್ಮನ್ನೆಲ್ಲ ಉತ್ತರಕ್ಕೆ, ದೂರದ ಕ್ಯೂಶು ದ್ವೀಪಕ್ಕೆ ಕಳಿಸ್ತಾರಂತಲ್ಲ."

"ಹೌದು. ಹಡಗಲ್ಲಿ, ವಿಮಾನದಲ್ಲಿ. ಒಬ್ರನ್ನೂ ಬಿಡಲ್ಲ. ಅಜ್ಜೀನೂ."

"ನೀನು?"

ಚಿಹಾರು ತಾಯಿಯ ಮುಖ ನೋಡಿದಳು. ಇಷ್ಟು ಸರಳವಾದದ್ದು ಅಮ್ಮನಿಗೆ ತಿಳಿದಿಲ್ಲವೇ ಎಂಬ ಆಶ್ಚರ್ಯ ಆ ನೋಟದಲ್ಲಿತ್ತು. "ನಾನಿಲ್ಲೇ."

ಹತ್ಸುಯೆಗೆ ಆ ಕ್ಷಣ ಇಡೀ ದ್ವೀಪ ಒಮ್ಮೆಲೇ ಕಂಡಿತು. ಮನುಷ್ಯರೇ ಇಲ್ಲದ ದ್ವೀಪ. ಬಾಗಿಲು ತೆರೆದೇ ಬಿಟ್ಟ ಮನೆಗಳು, ಹಗ್ಗ ಬಿಚ್ಚಿ ಬಿಟ್ಟ ದನಗಳು ಶಾಲೆಯ ಮೈದಾನದಲ್ಲಿ, ಕಡಿಯದೆ ಉಳಿದ ಕಬ್ಬಿನ ಮೇಲೆ ಗಾಳಿ, ಗೋರಿಗಳ ಮುಂದೆ ಬತ್ತಿ ಹಚ್ಚುವವರಿಲ್ಲ, ಮೊರಿನೆಯ ಹೋಟೆಲಿನ ಪರದೆ ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಸುತ್ತ ಅದೇ ನೀಲಿ, ಅದೇ ಹವಳ, ಅಷ್ಟೇ ಚೆಲುವು. ನಡುವೆ, ಹಸಿರು ಗಾಡಿಗಳ ಪಕ್ಕ, ಎಲ್ಲರನ್ನೂ ಕಳಿಸಿಕೊಟ್ಟು, ಆಕಾಶ ನೋಡುತ್ತ ಕೂತ ಕೆಲವೇ ಜನ. ಅವರಲ್ಲಿ ಈ ಗಲ್ಲ. ಇಷ್ಟು ದಿನ ತಾನು ಒಪ್ಪಂದ, ಕಲಮು, ಬಜೆಟ್ಟು ಎಂದು ವಾದಿಸಿದ್ದಳು. ಎಲ್ಲರೂ ಹೋದ ಮೇಲೆ ಉಳಿಯುವವರು ಯಾರು ಎಂದು ಒಮ್ಮೆಯೂ ಕಣ್ಣು ಬಿಟ್ಟು ನೋಡಿರಲಿಲ್ಲ. ಎದುರಿಗೆ ಅನ್ನದ ಬಟ್ಟಲು ಹಿಡಿದು ಕೂತಿರುವ ಇವಳು ಅದನ್ನು ಆರು ವರ್ಷದಿಂದ ನೋಡುತ್ತಿದ್ದಾಳೆ, ನೋಡಿಯೂ ನಿದ್ದೆ ಮಾಡುತ್ತಾಳೆ, ಎರಡನೇ ಸಲ ಅನ್ನ ಹಾಕಿಕೊಳ್ಳುತ್ತಾಳೆ. ತಾನು ಹೆತ್ತದ್ದು ಇಷ್ಟು ದೊಡ್ಡದನ್ನೇ? ಬೆಳಿಗ್ಗೆ ಗಾಡಿಗಳೆದುರು ನಿಂತ ಉಸಿರು, ಅಜ್ಜಿಯೆದುರು ನಿಂತ ಉಸಿರು, ಈಗ ಮಗಳೆದುರೂ ನಿಂತಿತು. ಒಪ್ಪಿಗೆಯಿಂದಲ್ಲ. ಒಪ್ಪಿಗೆಗೂ ವಿರೋಧಕ್ಕೂ ಅಲ್ಲಿ ಜಾಗವಿರಲಿಲ್ಲ.

"ನಾನು ಹೋಗಲ್ಲ" ಎಂದಳು. "ನೀನಿಲ್ಲಿ ಇರ್ಬೇಕಾದ್ರೆ ನಾನು ಹೋಗಲ್ಲ."

"ಹೋಗಲೇಬೇಕಮ್ಮ."

"ನಾಳೆ ನಾನೂ ಕೂತಿರ್ತೀನಿ, ಅಜ್ಜಿ ಪಕ್ಕ. ಇವತ್ತಿನ ಹಾಗೆ ಏಳಲ್ಲ."

"ಗೊತ್ತು" ಎಂದು ಚಿಹಾರು ನಕ್ಕಳು. ಆ ದಿನ ಮೊದಲ ಸಲ ನಕ್ಕದ್ದು. "ಟೋಪಿ ಹಾಕ್ಕೊಂಡು ಬಾ. ಮೂಗೆಲ್ಲ ಸುಟ್ಟುಹೋಗಿದೆ."

ಗಂಟೆ ಮುಗಿಯುತ್ತ ಬಂದಿತ್ತು. ಮಗಳು ಬಟ್ಟಲು ತೊಳೆದಿಟ್ಟು, ಒರೆಸುವ ಬಟ್ಟೆಯನ್ನು ನಾಲ್ಕು ಮೂಲೆ ಸರಿಯಾಗಿ ಮಡಿಸಿ ನೇತುಹಾಕಿ, ಹೊರಟಳು. ಹವಳಗಲ್ಲಿನ ಗೋಡೆಯ ಸಂದಿಯಲ್ಲಿ ನಿಂತು ತಿರುಗಿ, "ಹೋಗಿ ಬರ್ತೀನಿ" ಎಂದಳು. ಚಿಕ್ಕಂದಿನಿಂದ, ಶಾಲೆಗೆ ಹೋಗುವಾಗ, ಅಂಗಡಿಗೆ ಹೋಗುವಾಗ, ಸೈನ್ಯಕ್ಕೆ ಸೇರಲು ಬೆಳಗಿನ ದೋಣಿ ಹತ್ತಲು ಹೊರಟಾಗಲೂ ಅವಳು ಅದೇ ಜಾಗದಲ್ಲಿ ನಿಂತು ಅದನ್ನೇ ಹೇಳಿದ್ದಳು. ಸೈನ್ಯಕ್ಕೆ ಹೊರಟ ಆ ಬೆಳಿಗ್ಗೆ ಹತ್ಸುಯೆ ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಮಗಳು ಉತ್ತರಕ್ಕೆ ಕಾದದ್ದು, ಆಮೇಲೆ ಜಲ್ಲಿಯ ಮೇಲೆ ಹೆಜ್ಜೆಗಳು ದೂರವಾದದ್ದು ಕೇಳಿಸಿತ್ತು. ಈಗಲೂ ಚಿಹಾರು ಕಾಯುತ್ತಿದ್ದಳು. ಪಡುವಣದ ಬೆಳಕು ಅವಳ ಅಗಲವಾದ ಭುಜಗಳ ಮೇಲಿತ್ತು. ಹತ್ಸುಯೆ ಬಾಗಿಲ ಕಂಬ ಹಿಡಿದು ನಿಂತಳು. ಉತ್ತರದ ಮೊದಲ ಅರ್ಧ ಸುಲಭವಾಗಿ ಬಂತು. ಉಳಿದ ಅರ್ಧ, ಬಾ ಎಂಬ ಆ ಒಂದೇ ಅಕ್ಷರ, ಬಹಳ ಆಳದಿಂದ ಬರಬೇಕಾಗಿತ್ತು.

"ಹೋಗಿ... ಬಾ!"

ಅವಳು ಅಂದುಕೊಂಡದ್ದಕ್ಕಿಂತ ಎಷ್ಟೋ ದೊಡ್ಡದಾಗಿ ಹೊರಬಂತು ಅದು. ಪಕ್ಕದ ಮನೆಯ ನಾಯಿ ಬೆಚ್ಚಿ ಬೊಗಳತೊಡಗಿತು.